ಬೀಗ ಹಾಕಿದ ಮನೆಗಳ ಉತ್ತರ

ಮೊನ್ನೆ ಮನೆಯ ಹಳೆಯ ಗಾದಿಯನ್ನು ಬಿಚ್ಚಿ ಹತ್ತಿ ಹಿಂಜಿಸಿದೆವು. ಗಾದಿಯವನು ಅಂಗಳದಲ್ಲಿ ಕೂತು ಬಿಲ್ಲಿನ ತಂತಿ ಮೀಟಿದಂತೆಲ್ಲ ಹತ್ತಿ ಎಳೆ ಎಳೆಯಾಗಿ ಎದ್ದು, ಬಿಸಿಲಿಗೆ ಕಾದ ಧೂಳಿನ ಜೊತೆ ಅದರ ವಾಸನೆ ಮೂಗಿಗೆ ಬಂತು. ಸೊಸೆ ಸೀನುತ್ತಾ ಒಳಗೆ ಹೋದಳು. ನಾನು ಮಾತ್ರ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು ಕೂತೆ. "ಅಜ್ಜಿಗೆ ಏನೋ ನೆನಪಾಗೈತೆ" ಎಂದು ಮೊಮ್ಮಗಳು ನಕ್ಕಳು. ಅವಳು ಹೇಳಿದ್ದು ಸರಿ. ನನಗೆ ದಾವಣಗೆರೆಯ ಒಂದು ಹತ್ತಿ ಸುಗ್ಗಿ ನೆನಪಾಗಿತ್ತು, ಅದರ ಜೊತೆಗೆ ಒಂದು ಮುಚ್ಚಿದ ಬಾಗಿಲು.

ಅದು ಅರವತ್ತರ ದಶಕದ ಆರಂಭದ ಮಾತು. ಮೈಸೂರಿನಲ್ಲಿ ಸಂಖ್ಯಾಶಾಸ್ತ್ರ ಓದಿ ಮುಗಿಸಿ ಹರಿಹರದ ಮನೆಗೆ ಮರಳಿದ್ದೆ. ಹಾಗೆಂದರೆ ಏನು ಎಂದು ಕೇಳಿದವರಿಗೆ ನಮ್ಮವ್ವ "ಎಣಿಸೋದು ಕಲ್ತಾಳ" ಎಂದುಬಿಡುತ್ತಿದ್ದಳು. ಎಣಿಸುವುದನ್ನು ಕಲಿಯಲು ಪಾಪ ಈ ಹುಡುಗಿ ಮೈಸೂರಿನ ತನಕ ಹೋಗಬೇಕಾಯಿತಲ್ಲ ಎಂದು ಓಣಿಯವರು ಮರುಗುತ್ತಿದ್ದರು. ಅಂಥ ಹೊತ್ತಿನಲ್ಲಿ ದಾವಣಗೆರೆಯಲ್ಲಿ ಕೆಲವು ತಿಂಗಳ ಕೆಲಸವೊಂದು ಸಿಕ್ಕಿತು. ಮನೆ ಮನೆಗೆ ಹೋಗಿ ಪ್ರಶ್ನೆ ಕೇಳಿ ಬರೆದುಕೊಳ್ಳುವುದು. ದಿನಾ ಬೆಳಗಿನ ರೈಲಿಗೆ ಹರಿಹರ ಬಿಟ್ಟು, ಬಾತಿಯ ಗುಡ್ಡ ಕಿಟಕಿಯಲ್ಲಿ ಕಂಡು ಮರೆಯಾಗುವಷ್ಟರಲ್ಲಿ ಅವ್ವ ಕಟ್ಟಿಕೊಟ್ಟ ರೊಟ್ಟಿಯಲ್ಲಿ ಅರ್ಧ ಮುಗಿಸಿ, ದಾವಣಗೆರೆಯಲ್ಲಿ ಇಳಿಯುತ್ತಿದ್ದೆ.

ಕೆಲಸದ ಹಿನ್ನೆಲೆ ಇಷ್ಟು. ಹತ್ತಿಯಿಂದ ಬೀಜ ಬಿಡಿಸುವ ಕಾರ್ಖಾನೆಗೆ ಅಲ್ಲಿ ಎಲ್ಲರೂ ಜಿನ್ನು ಎನ್ನುತ್ತಿದ್ದರು. ಅಂಥ ಜಿನ್ನುಗಳ ಹಿಂದಿನ ಓಣಿಗಳ ಬಾಯಲ್ಲಿ ಒಂದು ಗೋದಾಮು ಖಾಲಿ ಬಿದ್ದಿತ್ತು. ಅದರ ಯಜಮಾನರು ಊರಿನ ಉಪಯೋಗಕ್ಕೆಂದು ಬಿಟ್ಟುಕೊಟ್ಟಿದ್ದರು. ಅದನ್ನು ಏನು ಮಾಡಬೇಕೆಂದು ತೀರ್ಮಾನಿಸಲು ಊರಿನ ಹಿರಿಯರದೊಂದು ಸಮಿತಿಯಾಗಿತ್ತು. ಕೆಲವರು ದುಡಿಯುವ ಹೆಂಗಸರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಮಕ್ಕಳ ಮನೆ ಆಗಲಿ ಎಂದರು. ಇನ್ನು ಕೆಲವರು ವಾಚನಾಲಯ ಆಗಲಿ ಎಂದರು. ವಾಚನಾಲಯದ ಪಕ್ಷಕ್ಕೆ ನನ್ನ ಸೋದರಮಾವನೇ ಮುಂದಾಳು. ಮಾವ ಹತ್ತಿ ದಲ್ಲಾಳಿ. ಅಕ್ಷರ ಕಲಿತದ್ದು ಮೀಸೆ ಬಂದ ಮೇಲೆ. ಹಾಗಾಗಿ ಪೇಪರ್ ಕಂಡರೆ ಅವರಿಗೆ ಹಬ್ಬದೂಟ ಕಂಡಷ್ಟು ಆಸೆ. ತಮ್ಮ ಅಂಗಡಿಯ ಹಮಾಲರೂ ಸಂಜೆ ಕೂತು ಪೇಪರ್ ಓದಬೇಕೆನ್ನುವುದು ಅವರ ಬಹುದಿನದ ಕನಸು. ಮಕ್ಕಳ ಮನೆ ಬೇಕೋ ಬೇಡವೋ ಎಂದು ಓಣಿಯವರನ್ನೇ ಕೇಳೋಣ ಎಂದು ಕೊನೆಗೆ ಸಮಿತಿ ಒಪ್ಪಿತು. ಕೇಳಲು ಹೊರಟವಳು ನಾನು.

ನನ್ನ ಮೇಲಿನವರು ನರಸಿಂಗರಾಯರು. ಮೈಸೂರು ಕಡೆಯವರು, ಮೆದು ಮಾತಿನ ಮನುಷ್ಯ. ದಾವಣಗೆರೆಯ ಖಾರಕ್ಕೂ ಬಿಸಿಲಿಗೂ ಸಮನಾಗಿ ಹೆದರುತ್ತಿದ್ದರು. ಓಣಿಗಳ ಪ್ರತಿ ಬಾಗಿಲಿಗೂ ಕಾವಿಯಲ್ಲಿ ನಂಬರು ಬರೆಸಿ, ಆ ನಂಬರುಗಳ ಚೀಟಿಗಳನ್ನು ಒಂದು ಬೋಗುಣಿಗೆ ಹಾಕಿ, ಚೆನ್ನಾಗಿ ಕುಲುಕಿ, ನನಗೆ ಕಣ್ಣು ಮುಚ್ಚಿ ಎತ್ತಲು ಹೇಳಿದರು. ಹತ್ತು ಮನೆಗೊಂದರಂತೆ ಎತ್ತಿದೆ.

"ನಮಗೆ ಇಷ್ಟವಾದ ಮನೆ, ನೆರಳಿರುವ ಮನೆ, ಕರೆದು ಕಾಫಿ ಕೊಡುವ ಮನೆ ಅಂತ ಹೋಗಬಾರದಮ್ಮ. ಚೀಟಿ ಹೇಳಿದ ಮನೆಗೇ ಹೋಗಬೇಕು. ಆಗ ಈ ಕೆಲವು ಮನೆಗಳು ಎಲ್ಲ ಮನೆಗಳ ಪರವಾಗಿ ಮಾತಾಡುತ್ತವೆ. ಅನ್ನ ಬೆಂದಿದೆಯಾ ಅಂತ ನೋಡೋದಕ್ಕೆ ಒಂದು ಅಗುಳು ಸಾಕು ಅಂತಾರಲ್ಲ, ಹಾಗೆ" ಎಂದರು. ಆಮೇಲೆ ಚೀಲದಿಂದ ಮೇಲಿನ ಕಚೇರಿ ಕಳಿಸಿದ್ದ ನಿಯಮದ ಹಾಳೆ ತೆಗೆದು ಒಂದು ಸಾಲು ತೋರಿಸಿದರು. ಆರಿಸಿದ ಮನೆಗೆ ಬೀಗವಿದ್ದರೆ ಅದರ ಬಲಗಡೆಯ ಮನೆಯಲ್ಲಿ ಕೇಳಬೇಕು.

ಅದನ್ನು ಬರೆದವರು ಕೆಟ್ಟವರೇನಲ್ಲ. ಎಲ್ಲೋ ತಣ್ಣಗಿನ ಕೋಣೆಯಲ್ಲಿ ಕೂತು, ಬೀಗ ಎಂದರೆ ಮದುವೆಗೆ ಹೋದವರ ಮನೆ ಎಂದುಕೊಂಡಿರಬೇಕು.

ಶಿವರಾತ್ರಿ ಕಳೆದಿತ್ತು. ಬಿಸಿಲು ಏರುತ್ತಿತ್ತು. ಶಾಮನೂರಿನ ಕಡೆಯಿಂದ ಹತ್ತಿ ಅಂಡಿಗೆ ಹೇರಿದ ಗಾಡಿಗಳು ಸಾಲಾಗಿ ಬರುತ್ತಿದ್ದವು. ಅಂಡಿಗೆ ಎನ್ನುವ ಆ ದೊಡ್ಡ ದೊಡ್ಡ ಚೀಲಗಳ ಬಾಯಿಂದ ಉದುರಿದ ಹತ್ತಿ ಬೇವಿನ ಗಿಡಕ್ಕೆ, ಬೇಲಿಗೆ, ಎಮ್ಮೆಯ ಕೊಂಬಿಗೆ, ನನ್ನ ಜಡೆಗೆ ಅಂಟುತ್ತಿತ್ತು. ಸಂಜೆ ಹರಿಹರದಲ್ಲಿ ಇಳಿದರೆ ಅವ್ವ ಮೊದಲು ನನ್ನ ತಲೆ ಕೊಡವಿ ಆಮೇಲೆ ಒಳಗೆ ಬಿಡುತ್ತಿದ್ದಳು.

ಓಣಿಯವರು ತುಂಬ ಒಳ್ಳೆಯವರು. ಆ ಒಳ್ಳೆಯತನವೇ ನನ್ನ ಕೆಲಸಕ್ಕೆ ಅಡ್ಡ ಬಂತು. ಯಾರಾದರೂ ಬೀಗದ ಬಾಗಿಲಿನ ಮುಂದೆ ನಿಂತು, ಒಣ ಬಾಯಲ್ಲಿ ತಿರುಗಿ ಹೋದರೆ ಅದು ಇಡೀ ಓಣಿಗೆ ಅವಮಾನ ಎಂದು ಅವರ ಲೆಕ್ಕ. ನಾನು ಬೀಗ ನೋಡಿ ನಿಲ್ಲುವುದೇ ತಡ, ಪಕ್ಕದ ಮನೆಯಿಂದ ಕರೆ ಬರುತ್ತಿತ್ತು. ಎಲ್ಲರಿಗಿಂತ ಮೊದಲು ಕರೆಯುವವಳು ಶಾಂತವ್ವ. ಮಗ, ಸೊಸೆ, ಮೊಮ್ಮಕ್ಕಳಿರುವ ತುಂಬಿದ ಮನೆಯ ಯಜಮಾನಿ.

"ಬರ್ರಿ ಅಕ್ಕಾರ, ಬಿಸಿಲಾಗ ಯಾಕ ನಿಂತೀರಿ. ಕೂಡ್ರಿ. ಬೆಲ್ಲ ನೀರು ತಗೋರಿ. ಅವ್ರ ಮನೀದೂ ನಾನೇ ಹೇಳ್ತೀನಿ, ನಮ್ಮನೀದೂ ನಾನೇ ಹೇಳ್ತೀನಿ. ಎಲ್ಲಾ ಒಂದೇ ಐತೆ."

"ಮಕ್ಕಳನ್ನ ಹಗಲು ಯಾರು ನೋಡ್ಕೋತಾರ್ರಿ?"

"ಯಾರಂದ್ರ? ಮನ್ಯಾಗ ನಾವು ಅದೀವಲ್ಲ. ಮಕ್ಳಿಗೆ ಬ್ಯಾರೆ ಮನಿ ಯಾಕ ಬೇಕ್ರಿ. ಬ್ಯಾಡ ಅಂತ ಬರಕೊಳ್ರಿ."

ನಿಯಮವೂ ಬಲಗಡೆಗೆ ಹೋಗು ಎಂದಿತ್ತು, ಶಾಂತವ್ವನೂ ಬಾ ಎಂದಳು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಬ್ಯಾಡ ಎಂದು ಬರೆದುಕೊಂಡೆ. ಹೀಗೆ ಓಣಿಯಿಂದ ಓಣಿಗೆ ಬ್ಯಾಡಗಳು ಬೆಳೆದವು. ಮಧ್ಯಾಹ್ನ ಮಾವನ ಮನೆಯಲ್ಲಿ ಊಟಕ್ಕೆ ಕೂತಾಗ ಮಾವ ಏನೂ ಗೊತ್ತಿಲ್ಲದವರ ಹಾಗೆ "ಏನಂತಾರ ಮಂದಿ?" ಎಂದು ಕೇಳುತ್ತಿದ್ದರು. ನಾನು ಹೇಳಬಾರದು ಎನ್ನುತ್ತಿದ್ದೆ. ನನ್ನ ಮುಖ ನೋಡಿಯೇ ತಿಳಿದುಕೊಂಡು ಎರಡು ಚಮಚ ತುಪ್ಪ ಹೆಚ್ಚು ಹಾಕಿಸುತ್ತಿದ್ದರು.

ಒಂದು ಭಾನುವಾರ ಹರಿಹರದ ಮನೆಯಲ್ಲಿ ಉತ್ತರಗಳನ್ನೆಲ್ಲ ಒಟ್ಟು ಮಾಡುತ್ತಾ ಕೂತಿದ್ದೆ. ಮಕ್ಕಳ ಮನೆ ಬೇಕು ಎಂದವರು ಬೆರಳೆಣಿಕೆಯಷ್ಟು. ಬಹುತೇಕ ಎಲ್ಲ ಮನೆಯಲ್ಲೂ ಅಜ್ಜಿಯೋ ನಾದಿನಿಯೋ ಇದ್ದೇ ಇದ್ದಳು. ಜಿನ್ನಿಗೆ ಹೋಗುವ ಹೆಂಗಸರು ಅಲ್ಲೊಬ್ಬಳು ಇಲ್ಲೊಬ್ಬಳು. ಕೆಲಸ ಮುಗಿಯಿತು ಎಂದು ಪೆನ್ನು ಮುಚ್ಚುವಾಗ ತಲೆಯೊಳಗೆ ಏನೋ ಕೆರೆಯಿತು. ದಿನಾ ಬೆಳಿಗ್ಗೆ ರೈಲಿಳಿದು ಆ ರಸ್ತೆಯಲ್ಲಿ ನಡೆಯುತ್ತೇನೆ. ಕೆಲಸಕ್ಕೆ ಕರೆಯುವ ಜಿನ್ನಿನ ಕೂಗು ಆಗುತ್ತಲೇ ಆ ಓಣಿಗಳಿಂದಲೇ ಹೆಂಗಸರು ಹಿಂಡು ಹಿಂಡಾಗಿ ಹೊರಬಂದು, ನನ್ನನ್ನು ತಳ್ಳಿಕೊಂಡು ಹೋಗುತ್ತಾರೆ. ಅವರ ಮೊಣಕೈ ತಗುಲಿ ನನ್ನ ಬುತ್ತಿ ಒಮ್ಮೆ ರಸ್ತೆಗೆ ಬಿದ್ದಿದೆ. ಅಷ್ಟೊಂದು ಜನ ನನ್ನ ಲೆಕ್ಕದಲ್ಲಿ ಎಲ್ಲಿದ್ದಾರೆ?

ಅವ್ವನನ್ನು ಕೇಳಿದೆ, "ಅವ್ವಾ, ಅನ್ನ ಬೆಂದೈತೋ ಇಲ್ಲೋ ನೋಡಾಕ ಯಾವ ಅಗುಳು ತಗೀತೀ?"

"ತಿರುವಿ ತಗೀತೀನಿ. ಯಾಕ?" ಎಂದಳು ಅವ್ವ, ಮೈಸೂರಿನಲ್ಲಿ ಇದನ್ನೂ ಕಲಿಸಲಿಲ್ಲವೇ ಎನ್ನುವ ಮುಖ ಮಾಡಿ.

ಕಲಿಸಿದ್ದರು, ಪಾಪ. ಇಂಗ್ಲಿಷಿನಲ್ಲಿ ಕಲಿಸಿದ್ದರು.

ಮಾರನೆಯ ದಿನ ಚೀಟಿಯಲ್ಲಿ ಬಂದಿದ್ದ, ಆದರೆ ಬೀಗವಿತ್ತೆಂದು ಬಿಟ್ಟಿದ್ದ ಒಂದು ಮನೆಗೆ ಹೋದೆ. ಶಾಂತವ್ವನ ಎಡಮಗ್ಗುಲಿನ ಮನೆ ಅದು. ಬೀಗ ಇತ್ತು. ಶಾಂತವ್ವ ಎಂದಿನಂತೆ ಕರೆದಳು. ನಾನು ಹೋಗಲಿಲ್ಲ. ಬಾಗಿಲ ಮುಂದಿನ ಕಟ್ಟೆಯ ಮೇಲೆ ಕೂತುಬಿಟ್ಟೆ. ಆಗ ಒಳಗಿನಿಂದ ಯಾರೋ ಸಣ್ಣಗೆ ಕೆಮ್ಮಿದ ಸದ್ದು ಕೇಳಿಸಿತು.

ಮೊದಲು ನಂಬಲಿಲ್ಲ. ಬಾಗಿಲಿಗೆ ಬಾಯಿ ಹಚ್ಚಿ "ಒಳಗ ಯಾರದೀರಿ?" ಎಂದೆ.

ಆಮೇಲೆ ಪುಟ್ಟ ದನಿ ಬಂತು. "ಯಾರೂ ಇಲ್ಲ."

"ಮತ್ತ ನೀನ್ಯಾರವ್ವ?"

"ಗೌರಿ."

"ಒಬ್ಬಾಕೀನೇ ಅದೀಯಾ?"

"ತಮ್ಮ ಅದಾನ. ಮಲಗ್ಯಾನ. ಜೋರು ಮಾತಾಡಬ್ಯಾಡ್ರಿ, ಎದ್ರ ಅಳ್ತಾನ."

ದನಿ ತಗ್ಗಿಸಿ, ಅವ್ವ ಎಲ್ಲಿ ಎಂದು ಕೇಳಿದೆ. ಜಿನ್ನಿಗೆ ಹೋಗ್ಯಾಳ ಎಂದಳು. ರೊಟ್ಟಿ ಐತೆ, ನೀರು ಐತೆ, ಅವ್ವ ಒಲಿ ಆರಿಸಿ ಹೋಗ್ಯಾಳ ಎಂದು ಪಾಠ ಒಪ್ಪಿಸುವ ಹಾಗೆ ಹೇಳಿದಳು.

"ಅವ್ವ ಯಾವಾಗ ಬರ್ತಾಳ?"

"ಕಿಂಡಿ ಬೆಳಕು ಈಗ ಗ್ವಾಡಿ ಮ್ಯಾಲ ಐತೆ. ಅದು ಕೆಳಗಿಳಿದು ಒಲಿ ತನಕ ಬಂದ್ರ ಅವ್ವ ಬರ್ತಾಳ." ಆಮೇಲೆ ಕೇಳಿದಳು, "ಮಾಡ ಆದ್ರ ತಿಳಿಯಂಗಿಲ್ಲ. ಹೊರಗ ಮಾಡ ಆಗೈತೇನ್ರಿ?"

ಆಕಾಶ ನೋಡಿದೆ. ಒಂದು ಚೂರೂ ಮೋಡವಿರಲಿಲ್ಲ. "ಇಲ್ಲವ್ವ, ಬಿಸಿಲು ಐತೆ" ಎಂದೆ. ಕಣ್ಣಲ್ಲಿ ನೀರು ಬಂದಿತ್ತು, ನಾಚಿಕೆಯಿಲ್ಲದೆ ಹೇಳುತ್ತೇನೆ.

ತಿರುಗಿ ನೋಡಿದರೆ ಶಾಂತವ್ವ ಬೆಲ್ಲದ ತಟ್ಟೆ ಹಿಡಿದುಕೊಂಡು ನಿಂತಿದ್ದಳು. ಅವಳ ಮುಖ ಸಣ್ಣದಾಗಿತ್ತು. "ಹೆಂಗೆ ಹೇಳೋದ್ರಿ ಅಕ್ಕಾರ, ಹೊರಗಿನೋರ ಮುಂದ" ಎಂದಳು. "ಇವ್ರವ್ವ ನಿಂಗವ್ವ ಹಡದಾಕಿ, ಆಕೀಗೆ ಸಂಕಟ ಇಲ್ಲೇನು. ಗಂಡ ಇಲ್ಲ. ನಾನು ಹೊತ್ತಿಗೊಮ್ಮೆ ಕಿಂಡ್ಯಾಗ ಮಾತಾಡಿಸ್ತೀನಿ. ಮಕ್ಳನ್ನ ನನ್ನ ಹತ್ರ ಬಿಡು ಅಂದಿದ್ದೆ. ಒಬ್ರ ಮಕ್ಳು ತಗೊಂಡ್ರ ಓಣಿ ಮಕ್ಳೆಲ್ಲ ಬರ್ತಾವು, ಬ್ಯಾಡ ಅಂದ ನನ್ನ ಮಗ." ಓಣಿಯಲ್ಲಿ ಇಂಥ ಬಾಗಿಲು ಇನ್ನೆಷ್ಟಿವೆ ಎಂದು ಕೇಳಿದೆ. ಅವಳು ಓಣಿಯ ಉದ್ದಕ್ಕೂ ಒಮ್ಮೆ ನೋಡಿದಳು. ಅವಳ ಜೊತೆ ನಾನೂ ನೋಡಿದೆ. ಅಷ್ಟು ದಿನ ಓಡಾಡಿದ ಓಣಿಯಲ್ಲಿ ಅಷ್ಟೊಂದು ಬೀಗಗಳಿದ್ದವೆಂದು ನನಗೆ ಆಗಲೇ ಕಂಡದ್ದು.

ನರಸಿಂಗರಾಯರು ವರದಿ ಬರೆಯಲು ಶುರು ಮಾಡಿದ್ದರು. ನಾನು ಹೋಗಿ, ಬೀಗದ ಮನೆಗಳಿಗೆಲ್ಲ ಸಂಜೆ ಮತ್ತೆ ಹೋಗಬೇಕು ಎಂದೆ. ನಿಯಮದ ಪ್ರಕಾರವೇ ಮಾಡಿದ್ದೇವಲ್ಲಮ್ಮ, ಸಮಿತಿಯವರು ಯುಗಾದಿಯೊಳಗೆ ಕೇಳಿದ್ದಾರೆ ಎಂದರು. ವಾದ ಮಾಡುವಷ್ಟು ಧೈರ್ಯ ನನಗಿರಲಿಲ್ಲ. ಗೌರಿಯ ಕಿಂಡಿ ಬೆಳಕಿನ ಮಾತು ಮಾತ್ರ ಹೇಳಿದೆ. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಮನೆಯಲ್ಲಿ ಯಾರಾದರೂ ಇರುವವರನ್ನು ಮಾತ್ರ ಕೇಳಿ, ಮನೆಯಲ್ಲಿ ಎಲ್ಲರಿಗೂ ಯಾರೋ ಇದ್ದಾರೆ ಅಂತ ಬರೀತಿದ್ದೀನಲ್ಲ" ಎಂದರು. ಬರೆದ ಹಾಳೆಯನ್ನು ಮಡಚಿ ಜೇಬಿಗಿಟ್ಟು, "ನಡೀರಿ, ನಾನೂ ಬರ್ತೀನಿ" ಎಂದು ಕೊಡೆ ತೆಗೆದುಕೊಂಡರು.

ಹೊಸ ಚೀಟಿ ಎತ್ತಲಿಲ್ಲ. ಮೊದಲು ಎತ್ತಿದ ನಂಬರುಗಳೇ. ಬಲಗಡೆಯ ಮನೆಗಳ ಉತ್ತರ ತೆಗೆದುಹಾಕಿ, ಬೀಗದ ಮನೆಗಳನ್ನೇ ಹಿಡಿದೆವು. ಒಲೆ ಹೊತ್ತುವ ಹೊತ್ತಿಗೆ ಹೋಗುವುದು. ಸಿಗದಿದ್ದರೆ ನಾಳೆ, ನಾಳೆಯೂ ಸಿಗದಿದ್ದರೆ ಜಿನ್ನಿಗೆ ರಜೆ ಇರುವ ದಿನ. ಸಂಜೆಯ ರೈಲು ತಪ್ಪಿ, ಎಷ್ಟೋ ದಿನ ಮಾವನ ಮನೆಯಲ್ಲೇ ಉಳಿದೆ. ನಿಂಗವ್ವ ಮೊದಲ ದಿನ ನಮ್ಮನ್ನು ಕಂಡು ಹೆದರಿಬಿಟ್ಟಳು. ತಲೆ ತುಂಬ ಹತ್ತಿ, ರೆಪ್ಪೆಯ ಮೇಲೂ ಹತ್ತಿ. ಗೌರಿ ಅವಳ ಸೀರೆ ಹಿಡಿದು ಹಿಂದೆ ಅಡಗಿದ್ದಳು.

"ಪೊಲೀಸ್‌ನೋರಿಗೆ ಹೇಳ್ತೀರೇನ್ರಿ? ಕೀಲಿ ಹಾಕದಿದ್ರ ರಸ್ತೆಗೆ ಹೋಗ್ತಾವ್ರಿ, ಗಾಡಿ ಓಡಾಡ್ತಾವು" ಎಂದಳು.

"ಇಲ್ಲಮ್ಮ" ಎಂದರು ರಾಯರು. ಅಷ್ಟು ಮೆತ್ತಗೆ ಅವರು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. "ನಿಮ್ಮನ್ನು ಕೇಳೋದನ್ನ ನಾವು ಬಿಟ್ಟಿದ್ದೆವು. ಈಗ ಕೇಳೋಣ ಅಂತ ಬಂದೆವು."

ಯುಗಾದಿಗೆ ಮುಂಚೆ ಹೊಸ ಲೆಕ್ಕ ಕೈಗೆ ಬಂತು. ಹಳೆಯದು ತಲೆಕೆಳಗಾಗಿತ್ತು. ಅರ್ಧಕ್ಕೂ ಹೆಚ್ಚು ಮನೆಗಳು ಬೇಕು ಎಂದಿದ್ದವು. ಎಷ್ಟು ಸಲ ಹೋದರೂ ಸಿಗದ ಕೆಲವು ಮನೆಗಳಿದ್ದವು. ಅವುಗಳ ಉತ್ತರ ನಮಗೆ ಗೊತ್ತಿಲ್ಲ ಎಂದು ರಾಯರು ವರದಿಯಲ್ಲೇ ಬರೆದರು.

ಸಮಿತಿ ಸೇರುವ ಹಿಂದಿನ ದಿನ ಮಾವ ನನ್ನನ್ನು ಅಂಗಡಿಗೆ ಕರೆಸಿದರು. ಸುದ್ದಿ ಆಗಲೇ ಅವರ ಕಿವಿಗೆ ಬಿದ್ದಿತ್ತು. ಅಂಗಡಿಯ ಮುಂದೆ ಅಂಡಿಗೆಗಳ ರಾಶಿ, ಗಿರಾಕಿಗಳ ಗದ್ದಲ.

"ಏನ್ ಸರೋಜವ್ವ, ಮೊದ್ಲು ಬ್ಯಾಡ ಅಂದ ಮಂದಿ ಈಗ ಬೇಕು ಅಂತಾರಂತೆ. ಎಲ್ಲಾ ಮನಿ ನೋಡಿಲ್ಲ ನೀನು. ಹತ್ತರಾಗ ಒಂದು ನೋಡಿ ಓಣಿ ಹಣೆಬರಹ ಹೇಳ್ತೀಯೇನು?"

"ಮಾವ, ಗಾಡಿ ತುಂಬ ಅಂಡಿಗೆ ಬಂದ್ರ ಎಲ್ಲಾ ಸುರುವಿ ನೋಡ್ತೀರೇನ್ರಿ?"

"ಎಲ್ಲಾ ಯಾಕ ನೋಡ್ಬೇಕು. ಅಲ್ಲೊಂದು ಇಲ್ಲೊಂದು ಅಂಡಿಗೆಗೆ ಕೈ ಹಾಕಿದ್ರ ತಿಳೀತೈತೆ."

"ಬಾಯಾಗ ಕೈ ಹಾಕ್ತೀರಾ?"

ಮಾವ ನಕ್ಕರು. "ಬಾಯಾಗ ಯಾವನು ಹಾಕ್ತಾನ. ಬಾಯಾಗಿರೋದು ಯಾವಾಗ್ಲೂ ಒಳ್ಳೇ ಹತ್ತಿ. ಹೊಟ್ಟೀಗೆ ಹಾಕ್ಬೇಕು." ಹೇಳುತ್ತಲೇ ಪಕ್ಕದ ಅಂಡಿಗೆಯೊಳಗೆ ಭುಜದ ತನಕ ಕೈ ತೂರಿಸಿ ಒಂದು ಹಿಡಿ ಎಳೆದರು. ಮೂವತ್ತು ವರ್ಷದ ಚಟ ಅದು.

"ಮೊದ್ಲು ನಾವು ನೋಡಿದ್ದು ಅಂಡಿಗೆ ಬಾಯಿ ಮಾವ. ಯಾರೂ ಮೋಸ ಮಾಡಿರಲಿಲ್ಲ. ಹಗಲು ತೆರೆದಿದ್ದ ಬಾಗಿಲು ಅಷ್ಟೇ ಇದ್ವು. ಈಗ ಹೊಟ್ಟೀಗೆ ಕೈ ಹಾಕಿ ಬಂದೀವಿ. ಹತ್ತಿಪ್ಪತ್ತು ಮನಿ ಆಚೀಚೆ ಆಗಬೌದು. ಅದನ್ನೂ ಬರದೀವಿ. ಆದ್ರ ಬ್ಯಾಡ ಅನ್ನೋ ಮಾತು ಮಾತ್ರ ಸುಳ್ಳು."

ಮಾವ ಎಳೆದ ಹತ್ತಿಯನ್ನು ಎರಡೂ ಹೆಬ್ಬೆರಳ ನಡುವೆ ಹಿಡಿದು ಎಳೆ ನೋಡುತ್ತಾ ಕೂತರು. ಅವರ ಕನಸು ಅವರ ಕಣ್ಣ ಮುಂದೆಯೇ ಜಾರುತ್ತಿತ್ತು, ಅದು ನನಗೂ ಗೊತ್ತಿತ್ತು, ನನಗೂ ನೋವಾಗುತ್ತಿತ್ತು. ಕೊನೆಗೆ ಕೇಳಿದರು, "ಆ ಕೂಸು ಮಾಡ ಆಗೈತೇನು ಅಂತ ಕೇಳ್ತಂತಲ್ಲ, ಖರೇನಾ?"

"ಖರೇ ಮಾವ."

"ಪೇಪರ್ ನಮ್ಮ ಅಂಗಡಿ ಕಟ್ಟೀಮ್ಯಾಗೂ ಓದಬೌದು ಬಿಡು" ಎಂದು ಎದ್ದು ಹೋದರು. ಮಾರನೆಯ ದಿನ ಸಮಿತಿಯಲ್ಲಿ ಮಕ್ಕಳ ಮನೆಯ ಪರವಾಗಿ ಮೊದಲು ಕೈ ಎತ್ತಿದವರು ಅವರೇ ಎಂದು ರಾಯರು ಹೇಳಿದರು.

ಗೋದಾಮಿಗೆ ಸುಣ್ಣ ಬಳಿಸಿ, ಚಾಪೆ ಹಾಸಿ, ಇಬ್ಬರು ಹೆಂಗಸರನ್ನು ನೇಮಿಸಿ, ಭರಣಿ ಮಳೆಯ ಹೊತ್ತಿಗೆ ಬಾಗಿಲು ತೆಗೆದರು. ಮಳೆ ಬರಲಿಲ್ಲ, ಗಾಳಿ ಮಾತ್ರ ಬಂತು. ಬೆಳಿಗ್ಗೆಯಿಂದ ಧೂಳು ಸುತ್ತಿ ಸುತ್ತಿ ಬೀಸುತ್ತಿತ್ತು. ತಾಯಂದಿರು ಕೂಸುಗಳನ್ನು ಕಂಕುಳಲ್ಲಿ ಎತ್ತಿಕೊಂಡು, ಜಿನ್ನಿನ ಕೂಗು ಆಗುವ ಮೊದಲೇ ಓಡೋಡಿ ಬಂದರು. ಶಾಂತವ್ವ ಎಲ್ಲರಿಗೂ ಬೆಲ್ಲ ಹಂಚಿದಳು. ನಿಂಗವ್ವ ಮಗನನ್ನು ಚಾಪೆಯ ಮೇಲೆ ಕೂರಿಸಿದಳು. ಗೌರಿ ಮಾತ್ರ ಹೊಸ್ತಿಲ ಹೊರಗೇ ನಿಂತಳು. ಎಷ್ಟು ಕರೆದರೂ ಒಳಗೆ ಕಾಲಿಡಲಿಲ್ಲ. ಗೋದಾಮಿನ ಬಾಗಿಲು ದೊಡ್ಡದು, ಗಾಳಿಗೆ ಒಮ್ಮೆ ದಢಾರನೆ ಬಡಿದುಕೊಂಡಿತು. ಅವಳು ಬೆಚ್ಚಿ ಹಿಂದೆ ಸರಿದು, ನನ್ನ ಮುಖ ನೋಡಿ ಕೇಳಿದಳು.

"ಬಾಗ್ಲ ಹಾಕ್ತೀರೇನ್ರಿ?"

ಮಾವ ಎದುರಿನ ತಮ್ಮ ಅಂಗಡಿಗೆ ಹೋಗಿ, ಐದು ಸೇರಿನ ತೂಕದ ಕಲ್ಲು ಹಿಡಿದುಕೊಂಡು ಬಂದರು. ಕಿಲೋ ಬಂದ ಮೇಲೆ ಆ ಕಲ್ಲಿಗೆ ಕೆಲಸವಿರಲಿಲ್ಲ. ಅದನ್ನು ಬಾಗಿಲ ಬುಡಕ್ಕೆ ಒತ್ತಿಟ್ಟು, ಬಾಗಿಲನ್ನು ಎರಡು ಸಲ ಜಗ್ಗಿ ತೋರಿಸಿದರು. "ನೋಡವ್ವ, ಇದು ಇರೋತನಕ ಯಾರ್ ಹಾಕ್ತೀನಂದ್ರೂ ಬಾಗ್ಲ ಬೀಳಂಗಿಲ್ಲ. ಈ ಕಲ್ಲು ನಿಂದು."

ಗೌರಿ ಒಳಗೆ ಬಂದಳು. ಕಲ್ಲಿನ ಪಕ್ಕದಲ್ಲೇ, ರಸ್ತೆ ಕಾಣುವ ಹಾಗೆ, ಅದರ ಮೇಲೆ ಒಂದು ಕೈ ಇಟ್ಟುಕೊಂಡು ಕೂತಳು. ಮರುದಿನವೂ ಹಾಗೆಯೇ ಕೂತಳು. ಆಮೇಲೆ ಕಲ್ಲಿನಿಂದ ಕೈ ತೆಗೆದಳು, ಆಮೇಲೆ ಚಾಪೆಯ ಅಂಚಿಗೆ ಬಂದಳು, ಆಮೇಲೆ ಬೇರೆ ಹುಡುಗಿಯರ ನಡುವೆ ಹೋದಳು.

ನನ್ನ ಕೆಲಸದ ಕೊನೆಯ ದಿನ ಹೇಳಿ ಹೋಗಲು ಅಲ್ಲಿಗೆ ಹೋದೆ. ಗಾಳಿ ಇನ್ನೂ ನಿಂತಿರಲಿಲ್ಲ, ಬಾಗಿಲಿನಿಂದ ಧೂಳೂ ಹತ್ತಿಯೂ ಒಳಗೆ ನುಗ್ಗಿ ಮಲಗಿದ್ದ ಕೂಸುಗಳ ಮೇಲೆ ಬೀಳುತ್ತಿತ್ತು. ಗೌರಿ ಎದ್ದು ಬಂದಳು. ಎರಡೂ ಕೈಯಿಂದ ಕಲ್ಲನ್ನು ತಳ್ಳಿ ಪಕ್ಕಕ್ಕೆ ಸರಿಸಿದಳು.

"ತಮ್ಮನ ಕಣ್ಣಾಗ ಬೀಳ್ತೈತೆ" ಎಂದು ನನಗೆ ಹೇಳಿ, ಬಾಗಿಲನ್ನು ತಾನೇ ಹಾಕಿದಳು.